ಸೌಟು ಹಿಡಿದ ಟೀಚರ್: ಬದಿಯಡ್ಕದ ಬಳಿ ನಡೆದ ಒಂದು ಶಿಕ್ಷಕ ತರಬೇತಿಯ ವಿಮರ್ಶೆ

ಕಳೆದ ಮೇ ತಿಂಗಳ ಬೇಸಿಗೆ ರಜೆಯಲ್ಲಿ, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ಒಂದು ಸಭಾಭವನದಲ್ಲಿ, ಕನ್ನಡ ಮಾಧ್ಯಮದ ಪ್ರೌಢಶಾಲಾ ಶಿಕ್ಷಕರಿಗಾಗಿ ನಾಲ್ಕು ದಿನಗಳ ತರಬೇತಿಯೊಂದು ನಡೆಯಿತು. ಮನಸ್ಸಿಗೆ ಪೆಟ್ಟು ಬಿದ್ದು ಸಿಟ್ಟು, ಭಯ ಅಥವಾ ಮೌನದೊಳಗೆ ಸಿಲುಕಿಕೊಂಡ ಮಕ್ಕಳೊಡನೆ ಕೆಲಸ ಮಾಡುವ ಶಿಕ್ಷಕರು ಅಧಿಕಾರವನ್ನು ಬದಿಗಿಟ್ಟು ಸೇವೆಯ ಮೂಲಕ ಮುಂದಾಳುಗಳಾಗುವುದು ಹೇಗೆ ಎಂಬುದು ಅದರ ವಿಷಯವಾಗಿತ್ತು. ಶುಲ್ಕ 1,500 ರೂಪಾಯಿ. ಮಧ್ಯಾಹ್ನದ ಊಟ, ಎರಡು ಹೊತ್ತಿನ ಚಹಾ, 96 ಪುಟಗಳ ಕೈಪಿಡಿ ಮತ್ತು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಫೋನಿನಲ್ಲಿ ಮಾರ್ಗದರ್ಶನ ಇವಿಷ್ಟೂ ಅದರಲ್ಲಿ ಸೇರಿದ್ದವು. ಮುಂದಿನ ರಜೆಯಲ್ಲಿ ಎರಡನೆಯ ತಂಡಕ್ಕೆ ಸೇರಬಹುದೇ ಎಂದು ಕುಂಬಳೆ ಮತ್ತು ಮಂಜೇಶ್ವರ ಉಪಜಿಲ್ಲೆಗಳ ಹಲವು ಸಹೋದ್ಯೋಗಿಗಳು ನನ್ನನ್ನು ಕೇಳಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಜೂನ್‌ನಲ್ಲಿಯೇ ಬರೆಯಬಹುದಿತ್ತು. ಆದರೆ ತರಬೇತಿ ಮುಗಿಸಿ ಬಂದ ವಾರ ಎಲ್ಲವೂ ಒಳ್ಳೆಯದಾಗಿಯೇ ಕಾಣುತ್ತದೆ. ನನ್ನ ಹತ್ತೊಂಬತ್ತು ವರ್ಷಗಳ ಸರ್ವಿಸಿನಲ್ಲಿ ಹಾಜರಾದ ತರಬೇತಿಗಳ ಕಡತಗಳು ಕಪಾಟಿನ ಒಂದು ಅಂಕಣ ತುಂಬ ಇವೆ. ಅವುಗಳಲ್ಲಿ ತರಗತಿಯ ಹೊಸ್ತಿಲು ದಾಟಿ ಒಳಗೆ ಬಂದವು ಎರಡೋ ಮೂರೋ. ಆದ್ದರಿಂದ ಓಣಂ ಪರೀಕ್ಷೆಯೂ ಕ್ರಿಸ್ಮಸ್ ಪರೀಕ್ಷೆಯೂ ಕಳೆಯುವವರೆಗೆ ಕಾದು, ಅಲ್ಲಿ ಕಲಿತದ್ದರಲ್ಲಿ ಯಾವುದು ಉಳಿಯಿತು, ಯಾವುದು ಉದುರಿಹೋಯಿತು ಎಂದು ನೋಡಿಕೊಂಡು ಈಗ ಕುಳಿತಿದ್ದೇನೆ. ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ಇಲ್ಲಿ ಹೇಳುವ ಕೊರತೆಗಳನ್ನೆಲ್ಲ ಅವರಿಗೆ ನೇರವಾಗಿ ಪತ್ರದಲ್ಲಿ ತಿಳಿಸಿದ್ದೇನೆ, ಮತ್ತು ಇಂಥದೇ ಬೇರೆ ಯಾವ ತರಬೇತಿಗೆ ಸೇರುವವರಿಗೂ ಈ ಮಾತುಗಳು ಉಪಯೋಗಕ್ಕೆ ಬರಲಿ ಎಂಬುದು ನನ್ನ ಆಸೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಸೇರಬಹುದು, ಸೇರಬೇಕು. ಆದರೆ ಕಾಸರಗೋಡಿನ ಮಗುವಿನ ಮನಸ್ಸು ಯಾವ ಭಾಷೆಯಲ್ಲಿ ನೋಯುತ್ತದೆ ಎಂಬ ಪ್ರಶ್ನೆಯನ್ನು ಈ ತರಬೇತಿ ಎತ್ತಿಕೊಳ್ಳಲೇ ಇಲ್ಲ. ಆ ಕೆಲಸವನ್ನು ನಾವೇ ಮಾಡಿಕೊಳ್ಳಬೇಕಾಗುತ್ತದೆ.

ಮೊದಲ ದಿನ ಪೂರ್ತಿ ಸಿದ್ಧಾಂತ. ರಾಬರ್ಟ್ ಗ್ರೀನ್‌ಲೀಫ್ ಎಂಬ ಅಮೆರಿಕದವರು ಎ.ಟಿ. ಅಂಡ್ ಟಿ. ಎಂಬ ದೊಡ್ಡ ದೂರವಾಣಿ ಕಂಪೆನಿಯಲ್ಲಿ ದಶಕಗಳ ಕಾಲ ದುಡಿದು, ನಿವೃತ್ತರಾದ ಬಳಿಕ 1970ರಲ್ಲಿ ಬರೆದ ಪ್ರಬಂಧದಿಂದ ಸೇವಾನಾಯಕತ್ವ ಎಂಬ ಮಾತು ಬಳಕೆಗೆ ಬಂತು. ಹರ್ಮನ್ ಹೆಸ್ಸೆಯ ಒಂದು ಕಿರುಕಾದಂಬರಿಯಲ್ಲಿ ಯಾತ್ರೆಗೆ ಹೊರಟ ತಂಡದ ಗಂಟುಮೂಟೆ ಹೊರುವ, ಹಾಡಿ ಎಲ್ಲರನ್ನೂ ಹುರುಪಿನಲ್ಲಿಡುವ ಲಿಯೋ ಎಂಬ ಆಳು ಇದ್ದಾನೆ. ಅವನು ಕಾಣೆಯಾದ ಕೂಡಲೇ ತಂಡ ಚದುರಿಹೋಗುತ್ತದೆ, ಮತ್ತು ಆ ತಂಡವನ್ನು ಕಳುಹಿಸಿದ ಸಂಘದ ಮುಖ್ಯಸ್ಥ ಅವನೇ ಆಗಿದ್ದನೆಂದು ವರ್ಷಗಳ ಮೇಲೆ ತಿಳಿಯುತ್ತದೆ. ಈ ಕಥೆಯೇ ತನಗೆ ದಾರಿ ತೋರಿಸಿತೆಂದು ಗ್ರೀನ್‌ಲೀಫ್ ಹೇಳಿಕೊಂಡಿದ್ದಾರೆ. ಅವರು ಇಟ್ಟ ಪರೀಕ್ಷೆಯೂ ಸರಳವಾದದ್ದು. ಸೇವೆ ಪಡೆದವರು ಮನುಷ್ಯರಾಗಿ ಬೆಳೆಯುತ್ತಿದ್ದಾರೆಯೇ, ಹೆಚ್ಚು ಆರೋಗ್ಯವಂತರೂ ವಿವೇಕಿಗಳೂ ಸ್ವತಂತ್ರರೂ ಆಗುತ್ತಿದ್ದಾರೆಯೇ, ಕಡೆಗೆ ತಾವೂ ಇನ್ನೊಬ್ಬರ ಸೇವೆಗೆ ಮುಂದಾಗುತ್ತಿದ್ದಾರೆಯೇ ಎಂದು ನೋಡಬೇಕು. ಈ ಕೊನೆಯ ಮಾತನ್ನು ನಾನು ನೋಟುಪುಸ್ತಕದಲ್ಲಿ ಗೆರೆ ಎಳೆದು ಬರೆದುಕೊಂಡೆ. ಅದರ ನಿಜವಾದ ಅರ್ಥ ತಿಳಿದದ್ದು ಕೆಲವು ತಿಂಗಳ ಮೇಲೆ.

ನಮ್ಮಲ್ಲಿ ಸೇವೆ ಎಂಬ ಶಬ್ದ ಬಹಳ ಸವೆದುಹೋಗಿದೆ. ಸೇವಾವಧಿ, ಸೇವಾ ಪುಸ್ತಕ, ಸೇವೆಯಿಂದ ನಿವೃತ್ತಿ ಎನ್ನುವಾಗ ಅದು ಸಂಬಳದ ಲೆಕ್ಕ. ದೇವಸ್ಥಾನದ ರಶೀದಿ ಪುಸ್ತಕದಲ್ಲಿಯೂ ಹರಕೆಯ ಯಕ್ಷಗಾನ ಆಟದ ಕರಪತ್ರದಲ್ಲಿಯೂ ಅದು ಬೇರೆಯೇ. ಸಂಪನ್ಮೂಲ ವ್ಯಕ್ತಿಗಳಲ್ಲಿ ಹಿರಿಯರಾದವರು ಊಳಿಗ ಮತ್ತು ಸೇವೆಗಳ ನಡುವಿನ ಅಂತರವನ್ನು ಹತ್ತೇ ನಿಮಿಷದಲ್ಲಿ, ಬಹಳ ಚೆನ್ನಾಗಿ ಬಿಡಿಸಿ ಹೇಳಿದರು. ಊಳಿಗ ಮಾಡುವವನು ಒಡೆಯ ಹೇಳಿದ್ದನ್ನು ಮಾಡುತ್ತಾನೆ. ಸೇವೆ ಮಾಡುವವನು ಎದುರಿನವರಿಗೆ ಏನು ಬೇಕೆಂದು ತಾನೇ ಕಂಡುಕೊಂಡು ಮಾಡುತ್ತಾನೆ. ಆದ್ದರಿಂದ ಮಗು ಕೇಳಿದ್ದನ್ನೆಲ್ಲ ಕೊಡುವುದು ಸೇವೆಯಾಗುವುದಿಲ್ಲ, ಕೆಲವು ಸಲ ಬೇಡ ಎಂದು ಹೇಳಿ ಅದರ ಪಕ್ಕದಲ್ಲಿಯೇ ನಿಲ್ಲುವುದು ಸೇವೆ. ಉಳಿದ ನಾಲ್ಕು ಗಂಟೆಗಳ ಉಪನ್ಯಾಸಕ್ಕಿಂತ ಈ ಹತ್ತು ನಿಮಿಷಗಳ ತೂಕ ಹೆಚ್ಚಿನದು.

ಆ ದಿನದ ಉದಾಹರಣೆಗಳೆಲ್ಲ ಹೊರದೇಶದ ಶಾಲೆಗಳವು ಎಂಬುದು ನನಗೆ ನೋವಿನ ಸಂಗತಿಯಾಗಿತ್ತು. ದಲಿತ ಮಕ್ಕಳಿಗಾಗಿ ಮಂಗಳೂರಿನಲ್ಲಿ ಶಾಲೆಗಳನ್ನು ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ಸ್ವಂತ ಸಮುದಾಯದ ಬಹಿಷ್ಕಾರವನ್ನು ಸಹಿಸಿಕೊಂಡ ಕುದ್ಮುಲ್ ರಂಗರಾಯರು ಹುಟ್ಟಿದ್ದು 1859ರಲ್ಲಿ, ಇದೇ ಕಾಸರಗೋಡಿನಲ್ಲಿ. ನಾವು ಕುಳಿತಿದ್ದ ಸಭಾಭವನದಿಂದ ಸ್ವಲ್ಪವೇ ದೂರದ ಪೆರಡಾಲದ ಪ್ರೌಢಶಾಲೆಯಲ್ಲಿ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಅಧ್ಯಾಪಕರಾಗಿದ್ದರು. ತೋಟದಲ್ಲಿ ಹಾರೆ ಹಿಡಿದ ಕೈಯಲ್ಲಿಯೇ ಸೀಮೆಸುಣ್ಣವನ್ನೂ ಹಿಡಿದವರು ಅವರು. ಈ ಇಬ್ಬರ ಹೆಸರೂ ನಾಲ್ಕು ದಿನಗಳಲ್ಲಿ ಒಮ್ಮೆಯೂ ಬರಲಿಲ್ಲ. ಶಿಕ್ಷಕನ ಸೇವೆ ಎಂದರೇನೆಂದು ತಿಳಿಯಲು ಸಮುದ್ರ ದಾಟಬೇಕಾದ ಊರು ಇದಲ್ಲ.

ತರಬೇತಿಯ ನಿಜವಾದ ಸತ್ವ ಇದ್ದದ್ದು ಎರಡನೆಯ ದಿನ. ಮಗುವಿನ ನಡತೆಯನ್ನು ಓದುವುದು ಹೇಗೆ ಎಂಬುದೇ ಬೆಳಗಿನಿಂದ ಸಂಜೆಯವರೆಗಿನ ವಿಷಯ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇಕಡಾ 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ಅಸ್ವಸ್ಥತೆ ಇದೆ. ನಲವತ್ತು ಮಕ್ಕಳ ತರಗತಿಯಲ್ಲಿ ಸುಮಾರು ಮೂವರು ಎಂದಾಯಿತು. ನಾವು ಇಪ್ಪತ್ತಾರು ಮಂದಿ ಶಿಕ್ಷಕರೂ ಆ ಮೂವರ ಮುಖಗಳನ್ನು ನೆನಪಿಸಿಕೊಳ್ಳಬೇಕೆಂದು ಹೇಳಿ ಅವರು ಎರಡು ನಿಮಿಷ ಸುಮ್ಮನಿದ್ದರು. ನನಗೆ ಎರಡು ನಿಮಿಷ ಬೇಕಾಗಲಿಲ್ಲ.

ಅಪಾಯದ ಅನುಭವವಾದಾಗ ಮಿದುಳಿನ ಅಮಿಗ್ಡಲಾ ಎಂಬ ಭಾಗ ಮೊದಲು ಎಚ್ಚರಗೊಂಡು ಮೈಯನ್ನು ಹೊಡೆದಾಟಕ್ಕೋ ಓಟಕ್ಕೋ ಸಜ್ಜು ಮಾಡುತ್ತದೆ. ಯೋಚಿಸಿ ತೂಗಿ ನೋಡುವ ಮುಂಭಾಗದ ಮಿದುಳು ಆ ಹೊತ್ತಿನಲ್ಲಿ ಹಿಂದೆ ಸರಿಯುತ್ತದೆ, ಮತ್ತು ಹದಿಹರೆಯದವರಲ್ಲಿ ಆ ಮುಂಭಾಗ ಇನ್ನೂ ಪೂರ್ತಿ ಬೆಳೆದಿರುವುದೂ ಇಲ್ಲ. ಮನೆಯಲ್ಲಿ ದೀರ್ಘಕಾಲ ಭಯದಲ್ಲಿಯೇ ಇದ್ದ ಮಗುವಿಗೆ ಈ ಎಚ್ಚರಗಂಟೆ ಬಹಳ ಬೇಗ ಬಾರಿಸುತ್ತದೆ. ನಾವು ಸ್ವರ ಎತ್ತಿದರೆ ಸಾಕು, ಬೆಂಚಿನ ಮೇಲೆ ಕೈ ತಟ್ಟಿದರೆ ಸಾಕು. ಅಂಥ ಮಗುವಿಗೆ ಆ ಗಳಿಗೆಯಲ್ಲಿ ಬುದ್ಧಿ ಹೇಳಿದರೆ ಅದು ತಲೆಗೆ ಹೋಗುವುದಿಲ್ಲ. ಮೊದಲು ಮೈ, ಆಮೇಲೆ ಮನಸ್ಸು, ಕೊನೆಗೆ ಮಾತು ಎಂದು ಅವರು ಹೇಳಿಕೊಟ್ಟರು: ನೀರು ಕುಡಿಸುವುದು, ನಾಲ್ಕು ಹೆಜ್ಜೆ ನಡೆಸುವುದು, ಮುಖಕ್ಕೆ ಮುಖ ಕೊಡದೆ ಪಕ್ಕದಲ್ಲಿ ಕುಳಿತುಕೊಳ್ಳುವುದು, ನಿನ್ನ ಜೊತೆ ನಾನಿದ್ದೇನೆ ಎಂದು ತೋರುವುದು, ಇವೆಲ್ಲ ಆದಮೇಲೆ ನಡೆದದ್ದರ ವಿಚಾರ. ನಾನು ಹತ್ತೊಂಬತ್ತು ವರ್ಷ ಈ ಮೂರನ್ನೂ ತಲೆಕೆಳಗಾಗಿ ಮಾಡಿಕೊಂಡು ಬಂದಿದ್ದೆ.

ಅವರು ಕೊಟ್ಟ ಉಪಕರಣ ಒಂದೇ, ಮೂರು ಗೀಟು ಎಳೆದ ನೋಟುಪುಸ್ತಕ. ಮೊದಲನೆಯ ಅಂಕಣದಲ್ಲಿ ಘಟನೆಗೆ ಮುಂಚೆ ಏನಿತ್ತು, ಎರಡನೆಯದರಲ್ಲಿ ಮಗು ಏನು ಮಾಡಿತು, ಮೂರನೆಯದರಲ್ಲಿ ಆಮೇಲೆ ಏನಾಯಿತು ಎಂದು ಬರೆಯಬೇಕು. ‘ಹಠಮಾರಿ’, ‘ಉಡಾಫೆ’, ‘ಕೊಬ್ಬು’ ಮೊದಲಾದ ತೀರ್ಪಿನ ಶಬ್ದಗಳು ಎರಡನೆಯ ಅಂಕಣದಲ್ಲಿ ಬರಕೂಡದು. ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಮಾತ್ರ. ವಾರ, ಹೊತ್ತು, ಪೀರಿಯಡ್ ಬರೆಯಲೇಬೇಕು. ನೋಡುವುದಕ್ಕೆ ಏನೂ ಅಲ್ಲದಂತಿರುವ ಈ ಪುಸ್ತಕವೇ ನಾನು ಕೊಟ್ಟ ಶುಲ್ಕಕ್ಕೆ ಸಾರ್ಥಕವಾಯಿತು. ಹೇಗೆಂದು ಹೇಳುತ್ತೇನೆ. ಮಗುವಿನ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಜೂನ್‌ನಲ್ಲಿ ಎಂಟನೆಯ ತರಗತಿಗೆ ಒಬ್ಬ ಹುಡುಗ ಸೇರಿದ. ತಂದೆತಾಯಿ ಬೇರೆಬೇರೆಯಾದ ಮೇಲೆ ತೆಂಕಣ ಊರಿನ ಶಾಲೆಯೊಂದರಿಂದ ಅವನನ್ನು ಬಿಡಿಸಿ ಅಜ್ಜಿಯ ಮನೆಗೆ ತಂದು ಬಿಟ್ಟಿದ್ದರು. ಮೊದಲ ವಾರ ಮಾತೇ ಇಲ್ಲ. ಎರಡನೆಯ ವಾರ ಪಕ್ಕದ ಹುಡುಗನ ಚೀಲವನ್ನು ಕಿಟಕಿಯಿಂದ ಹೊರಗೆಸೆದ. ಮೂರನೆಯ ವಾರ ಹಾಜರಿ ಕರೆಯುವಾಗ ಬೆಂಚನ್ನು ಒದ್ದು ಹೊರಗೆ ಓಡಿದ. ಸ್ಟಾಫ್ ರೂಮಿನಲ್ಲಿ ಅವನಿಗೆ ಆಗಲೇ ಒಂದು ಅಡ್ಡಹೆಸರು ಬಿದ್ದಿತ್ತು. ನಾನು ಮೂರು ಅಂಕಣದ ಪುಸ್ತಕ ತೆರೆದೆ. ಐದು ವಾರಗಳಲ್ಲಿ ಒಂಬತ್ತು ದಾಖಲೆಗಳಾದವು, ಅವುಗಳಲ್ಲಿ ಆರು ಶುಕ್ರವಾರದ ಮಧ್ಯಾಹ್ನದ ಮೇಲಿನವು. ಶುಕ್ರವಾರಗಳಂದು ಜುಮಾ ನಮಾಜಿಗಾಗಿ ನಮ್ಮ ಶಾಲೆಗಳಲ್ಲಿ ಮಧ್ಯಾಹ್ನದ ಬಿಡುವು ಉಳಿದ ದಿನಗಳಿಗಿಂತ ದೀರ್ಘವಾಗಿರುತ್ತದೆಂದು ಕೇರಳದ ಶಿಕ್ಷಕರಿಗೆ ಹೇಳಬೇಕಾಗಿಲ್ಲ. ಮುಂದಿನ ಶುಕ್ರವಾರ ನಾನು ಆ ಬಿಡುವಿನಲ್ಲಿ ಅವನನ್ನು ದೂರದಿಂದ ಗಮನಿಸಿದೆ. ಊಟದ ತಟ್ಟೆಯನ್ನೇ ಮುಟ್ಟದೆ, ಗೇಟಿನ ಪಕ್ಕದ ಪಾಗಾರದ ಮೇಲೆ ಕುಳಿತು, ಕಾಸರಗೋಡು ಕಡೆಯಿಂದ ಬರುವ ಬಸ್ಸುಗಳನ್ನು ಒಂದೊಂದಾಗಿ ನೋಡುತ್ತಿದ್ದ. ಗಂಟೆ ಬಾರಿಸಿತು. ಅವನು ಒಳಗೆ ಬಂದ, ಮತ್ತು ಇಪ್ಪತ್ತು ನಿಮಿಷಗಳ ಒಳಗೆ ಜ್ಯಾಮಿತಿ ಪೆಟ್ಟಿಗೆಯೊಂದು ಗೋಡೆಗೆ ಬಡಿಯಿತು.

ಆ ಸಂಜೆ ಅವನ ಅಜ್ಜಿಯ ಮನೆಗೆ ಹೋದೆ. ‘ಆಯೆ ಇಲ್ಲಡ್ ಪಾತೆರುಜೆ ಟೀಚರೇ’ ಎಂದು ಆ ಹಿರಿಯರು ಸೆರಗಿನಿಂದ ಕಣ್ಣೊರಸಿಕೊಂಡರು. ಮನೆಯಲ್ಲಿ ಅವನು ಬಾಯಿಯೇ ಬಿಡುತ್ತಿರಲಿಲ್ಲ. ಒಂದು ಶುಕ್ರವಾರ ಬಂದು ಕರೆದುಕೊಂಡು ಹೋಗುತ್ತೇನೆಂದು ತಂದೆ ಹೇಳಿಹೋಗಿದ್ದರಂತೆ. ಯಾವ ಶುಕ್ರವಾರ ಎಂದು ಹೇಳಿರಲಿಲ್ಲ.

ಇದನ್ನು ತಿಳಿದುಕೊಂಡ ಮೇಲೆ ಮಾಡಬೇಕಾದದ್ದೇನು? ತಂದೆಯನ್ನು ಕರೆತರುವುದು ನನ್ನ ಕೈಯಲ್ಲಿಲ್ಲ. ಮುಂದಿನ ಶುಕ್ರವಾರದ ಆ ದೀರ್ಘ ಬಿಡುವಿನಲ್ಲಿ ನಾನು ಸ್ಟಾಫ್ ರೂಮಿಗೆ ಹೋಗದೆ ಊಟದ ಚಾವಡಿಗೆ ಹೋದೆ, ಸಾಂಬಾರಿನ ಸೌಟು ಹಿಡಿದೆ, ಅವನನ್ನು ಕರೆದು ತಟ್ಟೆಗಳನ್ನು ಜೋಡಿಸಿಕೊಡುವಂತೆ ಕೇಳಿದೆ. ಬುದ್ಧಿಮಾತು ಹೇಳಲಿಲ್ಲ, ತಂದೆಯ ವಿಷಯ ಎತ್ತಲಿಲ್ಲ. ಮೂರು ವಾರ ಅವನು ತಟ್ಟೆ ಜೋಡಿಸಿದ, ಆದರೆ ಉಣ್ಣಲಿಲ್ಲ. ನಾಲ್ಕನೆಯ ವಾರ, ‘ಟೀಚರ್, ಸಾಂಬಾರು ನಾನು ಬಳಸ್ತೇನೆ’ ಎಂದ. ಆ ದಿನ ಐದನೆಯ ತರಗತಿಯ ಪುಟ್ಟ ಹುಡುಗಿಯೊಬ್ಬಳ ತಟ್ಟೆಗೆ ಅವನು ಬಗ್ಗಿ ಬಡಿಸಿದ್ದನ್ನು ನೋಡಿ ನನಗೆ ಗ್ರೀನ್‌ಲೀಫ್ ಅವರ ಕೊನೆಯ ಪ್ರಶ್ನೆ ನೆನಪಾಯಿತು. ಎಲ್ಲವೂ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಓಣಂಗೆ ತಂದೆ ಬರುತ್ತಾರೆಂದು ನಂಬಿ ಕುಳಿತಿದ್ದು, ಬಾರದಿದ್ದಾಗ, ರಜೆ ಮುಗಿದು ಬಂದ ಮೊದಲ ವಾರ ಒಂದು ಕಿಟಕಿಯ ಗಾಜು ಒಡೆದ. ಆದರೆ ಒಡೆದ ಮೇಲೆ ಓಡಿಹೋಗಲಿಲ್ಲ. ನಾನು ಬರುವವರೆಗೆ ಚೂರುಗಳ ಪಕ್ಕದಲ್ಲಿಯೇ ನಿಂತಿದ್ದ.

ಈ ಕೆಲಸದಲ್ಲಿ ನನಗೆ ಬಂದ ದೊಡ್ಡ ಲಾಭ ಇನ್ನೊಂದು. ಎರಡು ತಿಂಗಳಾಗುವಷ್ಟರಲ್ಲಿ ನಮ್ಮ ಗಣಿತದ ಮಾಷ್ಟ್ರು ತಾವಾಗಿ ಬಂದು, ಶುಕ್ರವಾರ ಅನ್ನದ ಪಾತ್ರೆಯ ಪಕ್ಕ ನಿಲ್ಲತೊಡಗಿದರು. ನಾನು ಅವರಿಗೆ ಒಂದು ಮಾತೂ ಹೇಳಿರಲಿಲ್ಲ. ಮುಂದಾಳುತನ ಎಂದು ಆ ತರಬೇತಿಯಲ್ಲಿ ನಾಲ್ಕು ದಿನ ಕೇಳಿದ ಮಾತಿಗೆ ನಾನು ಕಣ್ಣಾರೆ ಕಂಡ ಅರ್ಥ ಇದೊಂದೇ. ಅವರು ಆ ಹುಡುಗನ ಅಡ್ಡಹೆಸರನ್ನು ಹೇಳುವುದನ್ನೂ ಬಿಟ್ಟರು.

ಮೂರನೆಯ ದಿನದ ಬಗ್ಗೆ ನನ್ನ ತಕರಾರು ಇದೆ, ಮತ್ತು ಅದು ದೊಡ್ಡದು. ಮಗುವಿನ ಮಾತಿಗೆ ಕಿವಿಗೊಡುವುದೇ ಆ ದಿನದ ವಿಷಯ. ಭಾವನೆಗಳನ್ನು ಗುರುತಿಸಲು ಮಕ್ಕಳಿಗೆ ತೋರಿಸಬೇಕಾದ ಬಣ್ಣದ ಪಟವೊಂದನ್ನು ಕೊಟ್ಟರು. ಅದರಲ್ಲಿ ಮೂವತ್ತು ಶಬ್ದಗಳಿದ್ದವು: ಹತಾಶೆ, ಉದ್ವೇಗ, ಖಿನ್ನತೆ, ಅಸಹಾಯಕತೆ, ಅಭದ್ರತೆ ಇತ್ಯಾದಿ. ಬೆಂಗಳೂರಿನ ಪಠ್ಯಪುಸ್ತಕದಲ್ಲಿ ಇವು ಸಲ್ಲಬಹುದು. ನನ್ನ ತರಗತಿಯ ಯಾವ ಮಗುವೂ ತನಗೆ ಅಭದ್ರತೆಯಾಗುತ್ತಿದೆ ಎಂದು ಇದುವರೆಗೆ ಹೇಳಿಲ್ಲ, ಇನ್ನು ಮುಂದೆ ಹೇಳುವುದೂ ಇಲ್ಲ. ನಮ್ಮ ಮಕ್ಕಳು ಹೇಳುವುದು ಬೇಜಾರು, ಮಂಡೆಬಿಸಿ, ಉದಾಸೀನ. ಇವುಗಳಲ್ಲಿ ಉದಾಸೀನವನ್ನು ನೋಡಿ. ಗಟ್ಟದ ಮೇಲಿನ ಕನ್ನಡದಲ್ಲಿ ಅದು ಅಲಕ್ಷ್ಯ. ನಮ್ಮಲ್ಲಿ ಅದು ಸೋಮಾರಿತನ, ಮೈಮನಸ್ಸು ಏಳದ ಸ್ಥಿತಿ. ‘ಉದಾಸೀನ ಆಗ್ತದೆ ಟೀಚರ್’ ಎಂದು ಹೋಮ್‌ವರ್ಕ್ ಮಾಡದೆ ಬಂದ ಹುಡುಗಿಯನ್ನು ನಾವು ಸೋಮಾರಿ ಎಂದು ಗದರುತ್ತೇವೆ. ಮೂರು ವಾರ ಎಡೆಬಿಡದೆ ಉದಾಸೀನವಾಗುತ್ತಿದ್ದರೆ, ಊಟವೂ ನಿದ್ದೆಯೂ ಕೆಟ್ಟಿದ್ದರೆ, ಆ ಹುಡುಗಿ ಹೇಳುತ್ತಿರುವುದು ಬೇರೆ ಏನನ್ನೋ ಎಂದು ನಮಗೆ ಹೊಳೆಯಬೇಕು. ಪಟದಲ್ಲಿ ಖಿನ್ನತೆ ಎಂದು ಅಚ್ಚಾಗಿದ್ದ ಸಂಗತಿಯೇ ಇಲ್ಲಿ ಉದಾಸೀನ ಎಂಬ ಮನೆಮಾತಿನಲ್ಲಿ ಅಡಗಿರುತ್ತದೆ.

ಇನ್ನು ಸಪ್ತಭಾಷೆಗಳ ನೆಲ ಎಂದು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುವ ಈ ಊರಿನಲ್ಲಿ ಕನ್ನಡ ಮಾಧ್ಯಮದ ಒಂದು ಬೆಂಚಿನಲ್ಲಿ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಮನೆಗಳ ಮಕ್ಕಳು ಒಟ್ಟಿಗೆ ಕುಳಿತಿರುತ್ತಾರೆ. ಹೆದರಿಕೆಗೆ ತುಳುವಿನ ಮಗು ಪೋಡಿಗೆ ಎನ್ನುತ್ತದೆ, ಮಲಯಾಳದ ಮಗು ಪೇಡಿ ಎನ್ನುತ್ತದೆ. ‘ಪೇಡಿ’ ಎಂದು ಅಳುತ್ತ ಹೇಳಿದ ಮಗುವಿನ ಮಾತನ್ನು ಪಕ್ಕದವರು ‘ಹೇಡಿ’ ಎಂದು ಕೇಳಿಸಿಕೊಂಡು ನಕ್ಕದ್ದನ್ನು ನಾನು ನೋಡಿದ್ದೇನೆ. ಲೆಕ್ಕವನ್ನು, ಇತಿಹಾಸವನ್ನು ಶಾಲೆಯ ಕನ್ನಡದಲ್ಲಿ ಕಲಿಯುವ ಮಗುವೂ ಭಯವನ್ನು ಅಮ್ಮನ ಮಾತಿನಲ್ಲಿಯೇ ಪಡುತ್ತದೆ. ಕನ್ನಡ ಮಾಧ್ಯಮದ ಹುದ್ದೆಗಳಿಗೆ ಕನ್ನಡ ಅರಿಯದ ಶಿಕ್ಷಕರನ್ನು ನೇಮಿಸಿದಾಗಲೆಲ್ಲ ಮಕ್ಕಳೂ ಹೆತ್ತವರೂ ಇಲ್ಲಿ ಬೀದಿಗಿಳಿದಿದ್ದಾರೆ, ಮತ್ತು ಆ ಹೋರಾಟದಲ್ಲಿ ಪಾಠ ಅರ್ಥವಾಗುವುದಿಲ್ಲ ಎಂಬ ಮಾತನ್ನೇ ನಾವು ಮುಂದಿಟ್ಟಿದ್ದೇವೆ. ಪಾಠಕ್ಕಿಂತಲೂ ಮೊದಲು ಆ ಮಗುವಿಗೆ ತನ್ನ ಸಂಕಟ ಹೇಳಿಕೊಳ್ಳಲು ಬಾಯಿಯೇ ಇಲ್ಲವಾಗುತ್ತದೆ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕಿತ್ತು. ಅದೇ ನ್ಯಾಯದಿಂದ, ಕನ್ನಡ ಟೀಚರಾದ ನನಗೆ ನನ್ನ ಮಕ್ಕಳ ತುಳುವೂ ಮಲಯಾಳವೂ ಭಾವನೆಗಳ ಮಟ್ಟಿಗಾದರೂ ತಿಳಿದಿರಬೇಕು. ಈ ಪ್ರಶ್ನೆಯನ್ನು ನಾನು ಎತ್ತಿದಾಗ ಸಂಪನ್ಮೂಲ ವ್ಯಕ್ತಿಗಳು ಅದನ್ನು ಗೌರವದಿಂದಲೇ ಕೇಳಿಸಿಕೊಂಡರು, ಆದರೆ ಉತ್ತರ ಕೊಡುವ ಸಿದ್ಧತೆ ಅವರಲ್ಲಿರಲಿಲ್ಲ.

ಅದೇ ದಿನ ಮಧ್ಯಾಹ್ನದ ಮೇಲೆ ಕಾನೂನಿನ ಅವಧಿ. ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲದೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ ಎಂಬುದನ್ನು, 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಗುರುತಿಸಿದ 21 ಬಗೆಗಳಲ್ಲಿ ಮಾನಸಿಕ ಅಸ್ವಸ್ಥತೆಯೂ ಕಲಿಕೆಯ ನಿರ್ದಿಷ್ಟ ತೊಂದರೆಗಳೂ ಸೇರಿವೆ ಎಂಬುದನ್ನು ಸ್ಪಷ್ಟವಾಗಿ ಹೇಳಿದರು. ಆದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೋ ಕಾಯಿದೆಗೆ ಸಿಕ್ಕಿದ್ದು ಹದಿನೈದು ನಿಮಿಷ. ಇದನ್ನು ನಾನು ಕ್ಷಮಿಸಲಾರೆ. ಕಿವಿಗೊಡುವ ಟೀಚರಿನ ಬಳಿಗೆ ಮಗು ಒಂದು ದಿನ ಬಂದು, ಯಾರಿಗೂ ಹೇಳಬಾರದು ಎಂಬ ಭಾಷೆ ತೆಗೆದುಕೊಂಡು, ಹೇಳಬಾರದ್ದನ್ನು ಹೇಳುತ್ತದೆ. ಆ ಭಾಷೆಯನ್ನು ನಾವು ಕೊಡುವಂತಿಲ್ಲ. ಲೈಂಗಿಕ ದೌರ್ಜನ್ಯದ ವಿಷಯ ತಿಳಿದ, ಅಥವಾ ಅದು ನಡೆಯಬಹುದೆಂಬ ಆತಂಕವಿರುವ ಯಾರೇ ಆದರೂ ಪೊಲೀಸರಿಗೆ ಅಥವಾ ವಿಶೇಷ ಬಾಲಾಪರಾಧ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕೆಂದು 19ನೆಯ ಸೆಕ್ಷನ್ ಹೇಳುತ್ತದೆ. ತಿಳಿಸದಿದ್ದರೆ 21ನೆಯ ಸೆಕ್ಷನ್ ಪ್ರಕಾರ ಆರು ತಿಂಗಳವರೆಗಿನ ಸೆರೆವಾಸ ಅಥವಾ ದಂಡ ಅಥವಾ ಎರಡೂ ಆಗಬಹುದು. ಹೆಡ್‌ಮಾಷ್ಟ್ರಿಗೆ ಹೇಳಿ ಕೈತೊಳೆದುಕೊಂಡರೆ ಕರ್ತವ್ಯ ಮುಗಿಯುವುದಿಲ್ಲ. ಹಾಗಾದರೆ ಮಗುವಿನ ಎದುರು ಯಾವ ಮಾತಿನಿಂದ ಆರಂಭಿಸಬೇಕು, ‘ನೀನು ಹೇಳಿದ್ದನ್ನು ಊರಿಗೆಲ್ಲ ಹೇಳುವುದಿಲ್ಲ, ಆದರೆ ನಿನ್ನನ್ನು ಕಾಪಾಡಲು ಯಾರಿಗೆ ಹೇಳಬೇಕೋ ಅವರಿಗೆ ಹೇಳುತ್ತೇನೆ, ಹೇಳುವ ಮೊದಲು ನಿನಗೆ ತಿಳಿಸುತ್ತೇನೆ’ ಎಂಬುದನ್ನು ಅದರ ನಂಬಿಕೆ ಮುರಿಯದಂತೆ ಹೇಗೆ ಹೇಳಬೇಕು, ಇದನ್ನು ಅಭಿನಯಿಸಿ ತೋರಿಸಿ, ನಮ್ಮಿಂದಲೂ ಮಾಡಿಸಬೇಕಿತ್ತು. ಅರ್ಧ ದಿನ ಬೇಕಾದ ವಿಷಯ ಇದು. ಮೊದಲ ದಿನದ ಸಿದ್ಧಾಂತದಲ್ಲಿ ಎರಡು ಗಂಟೆಗಳನ್ನು ಕಡಿದರೆ ಸಮಯ ಸಿಗುತ್ತದೆ.

ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್‌ನ 14416, ಈ ಎರಡು ಸಂಖ್ಯೆಗಳನ್ನು ಎಲ್ಲರಿಂದಲೂ ಬಾಯಿಪಾಠ ಮಾಡಿಸಿದ್ದು ಒಳ್ಳೆಯ ಕೆಲಸ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್‌ನಲ್ಲಿ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಮಾತಾಡಬಹುದು.

ನಾಲ್ಕನೆಯ ದಿನ ಶಿಕ್ಷಕರದೇ ಮನಸ್ಸಿನ ಬಗ್ಗೆ. ಸೇವೆ ಮಾಡುವವರು ಒಣಗಿಹೋದರೆ ಮಗುವಿಗೆ ಕೊಡಲು ಏನೂ ಉಳಿಯುವುದಿಲ್ಲವೆಂದು ಎಲ್ಲರೂ ಹೇಳುತ್ತಾರೆ. ಇವರು ಮುಂದೆ ಹೋಗಿ, ನಿಮ್ಮ ಶಾಲೆಯಲ್ಲಿ ನಿಮಗೆ ಯಾರು ಸೇವೆ ಮಾಡುತ್ತಾರೆ ಎಂದು ಕೇಳಿದರು. ಸಭಾಭವನ ಬಹಳ ಹೊತ್ತು ನಿಶ್ಶಬ್ದವಾಗಿತ್ತು. ಮೂವತ್ತು ವರ್ಷ ಸರ್ವಿಸ್ ಆದ ಒಬ್ಬ ಹಿರಿಯ ಟೀಚರ್ ಎದ್ದುನಿಂತು, ತನ್ನ ತರಗತಿಯ ಮಗುವೊಂದು ತೀರಿಹೋದ ವರ್ಷ ತನ್ನನ್ನು ಯಾರೂ ಏನೂ ಕೇಳಲಿಲ್ಲ, ಹಾಜರಿ ಪುಸ್ತಕದಲ್ಲಿ ಆ ಹೆಸರಿಗೆ ಕೆಂಪು ಗೀಟು ಎಳೆಯಲು ಮಾತ್ರ ಹೇಳಿದರು ಎಂದರು. ಮುಖ್ಯೋಪಾಧ್ಯಾಯರಿಗೆ ಈ ಅವಧಿ ಕಡ್ಡಾಯವಾಗಬೇಕು. ನಮ್ಮ ತಂಡದಲ್ಲಿ ಮುಖ್ಯೋಪಾಧ್ಯಾಯರು ಇದ್ದದ್ದು ಇಬ್ಬರೇ. ಹೆಡ್‌ಮಾಷ್ಟ್ರು ವಾರಕ್ಕೊಂದು ಪೀರಿಯಡ್ ತಾನು ತೆಗೆದುಕೊಂಡು, ಕಷ್ಟದ ಮಗುವಿನ ಜೊತೆ ಕುಳಿತುಕೊಳ್ಳಲು ಕ್ಲಾಸ್ ಟೀಚರಿಗೆ ಬಿಡುವು ಮಾಡಿಕೊಟ್ಟರೆ ಅದಕ್ಕಿಂತ ದೊಡ್ಡ ನಾಯಕತ್ವ ಬೇರೆ ಬೇಕಿಲ್ಲ. ನಮ್ಮ ಶಾಲೆಯಲ್ಲಿ ಅಕ್ಟೋಬರ್‌ನಿಂದ ಇದು ನಡೆಯುತ್ತಿದೆ.

ಉಳಿದ ವಿಷಯಗಳನ್ನು ಬೇಗ ಮುಗಿಸುತ್ತೇನೆ. ಊಟ ಚೆನ್ನಾಗಿತ್ತು, ಕುಚ್ಚಿಲಕ್ಕಿ ಅನ್ನ, ಸಾರು, ಒಂದು ಪಲ್ಯ, ಮಜ್ಜಿಗೆ. ಸಭಾಭವನದಲ್ಲಿ ಸ್ವರ ಮಾರ್ದನಿಸಿ, ಹಿಂದಿನ ಸಾಲಿನವರಿಗೆ ಅರ್ಧ ಮಾತು ಕೇಳಿಸುತ್ತಿರಲಿಲ್ಲ. ಕೈಪಿಡಿಯ ವಿಷಯ ಗಟ್ಟಿಯಾಗಿದೆ, ಆದರೆ ಭಾಷೆ ಇಂಗ್ಲಿಷಿನಿಂದ ಎಳೆದು ತಂದದ್ದು. ಕೆಲವು ವಾಕ್ಯಗಳನ್ನು ಮನಸ್ಸಿನಲ್ಲಿಯೇ ಇಂಗ್ಲಿಷಿಗೆ ತಿರುಗಿಸಿಕೊಂಡ ಮೇಲೆ ಅರ್ಥವಾದವು. ಫೋನಿನ ಮಾರ್ಗದರ್ಶನ ಎಂಟು ಸಲ ಆಗಬೇಕಿದ್ದದ್ದು ನಾಲ್ಕೇ ಸಲ ಆಯಿತು. ಆ ನಾಲ್ಕರಲ್ಲಿ ಒಂದು, ಕಿಟಕಿಯ ಗಾಜು ಒಡೆದ ವಾರದ್ದು. ಸಸ್ಪೆಂಡ್ ಮಾಡಿಸಬೇಕೇ ಬೇಡವೇ ಎಂದು ನಾನು ತಳಮಳಿಸುತ್ತಿದ್ದಾಗ, ಗಾಜಿನ ಖರ್ಚನ್ನು ಅವನು ಹೇಗೆ ತೀರಿಸಬಲ್ಲನೆಂದು ಅವನನ್ನೇ ಕೇಳಿ ನೋಡಿ ಎಂದು ಅವರು ಸೂಚಿಸಿದರು. ಕೇಳಿದೆ. ಶಾಲೆಯ ತೋಟದ ಬಾಳೆಗಿಡಗಳಿಗೆ ಒಂದು ತಿಂಗಳು ನೀರು ಹಾಕುತ್ತೇನೆ ಎಂದ, ಹಾಕಿದ. ಅಷ್ಟು ಹೊತ್ತಿಗೆ ಸಿಕ್ಕಿದ ಆ ಒಂದು ಕರೆಯ ಬೆಲೆ ನನಗೆ ಗೊತ್ತು. ಸಿಗದೆ ಹೋದ ನಾಲ್ಕು ಕರೆಗಳು ಬೇರೆ ಯಾವ ಟೀಚರಿಗೆ ಎಷ್ಟು ಬೇಕಾಗಿದ್ದವೋ ಎಂದು ಯೋಚಿಸಿದರೆ ಬೇಸರವಾಗುತ್ತದೆ.

ಸರ್ವಿಸಿಗೆ ಹೊಸದಾಗಿ ಸೇರಿದವರಿಗಿಂತಲೂ ಹತ್ತು ಹದಿನೈದು ವರ್ಷ ಕಳೆದವರು ಈ ತರಬೇತಿಗೆ ಹೋಗಬೇಕೆಂದು ನನಗನ್ನಿಸುತ್ತದೆ, ಏಕೆಂದರೆ ಕೈಗೆ ಅಭ್ಯಾಸವಾಗಿಹೋದ ಗದರಿಕೆಯನ್ನು ಬಿಡಿಸಿಕೊಳ್ಳುವುದು ನಮಗೇ ಕಷ್ಟ. ಒಂದು ಶಾಲೆಯಿಂದ ಒಬ್ಬರೇ ಹೋಗುವ ಬದಲು ಇಬ್ಬರಾದರೂ ಹೋಗಿ, ಸಾಧ್ಯವಾದರೆ ಅವರಲ್ಲೊಬ್ಬರು ಮುಖ್ಯೋಪಾಧ್ಯಾಯರಾಗಿರಲಿ. ಹೋಗುವ ಮೊದಲು ನಿಮ್ಮ ತರಗತಿಯ ಮಕ್ಕಳ ಮನೆಮಾತುಗಳ ಪಟ್ಟಿ ಮಾಡಿಕೊಂಡು ಹೋಗಿ, ಮತ್ತು ನಾನು ಎತ್ತಿದ ಪ್ರಶ್ನೆಯನ್ನು ನೀವೂ ಎತ್ತಿ.

ಆ ಮೂವತ್ತು ಶಬ್ದಗಳ ಪಟವನ್ನು ನಾನು ಗೋಡೆಗೆ ಹಾಕಲಿಲ್ಲ. ನವೆಂಬರ್‌ನಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಖಾಲಿ ಡ್ರಾಯಿಂಗ್ ಹಾಳೆಯೊಂದನ್ನು ಕೊಟ್ಟು, ಮನಸ್ಸು ಸರಿ ಇಲ್ಲದಾಗ ನಿಮ್ಮ ನಿಮ್ಮ ಮನೆಯಲ್ಲಿ ಯಾವ ಮಾತು ಹೇಳುತ್ತೀರೋ ಅದನ್ನೇ ಕನ್ನಡ ಅಕ್ಷರದಲ್ಲಿ ಬರೆಯಿರಿ ಎಂದೆ. ಎರಡು ದಿನಗಳಲ್ಲಿ 41 ಶಬ್ದಗಳಾದವು. ಪೋಡಿಗೆಯೂ ಪೇಡಿಯೂ ಮಂಡೆಬಿಸಿಯೂ ಅದರಲ್ಲಿವೆ. ಒಬ್ಬ ಹುಡುಗ, ಯಾರೆಂದು ಹೇಳಬೇಕಾಗಿಲ್ಲ, ಮೂಲೆಯಲ್ಲಿ ‘ಶುಕ್ರವಾರ’ ಎಂದು ಬರೆದಿದ್ದಾನೆ. ಅದರ ಪ್ರತಿಯನ್ನು ಸಂಸ್ಥೆಗೆ ಕಳುಹಿಸಿದ್ದೇನೆ, ಆ ಒಂದು ಶಬ್ದವನ್ನು ಬಿಟ್ಟು. ಮುಂದಿನ ತಂಡದ ಕೈಪಿಡಿಯಲ್ಲಿ ಅಚ್ಚು ಹಾಕಿಸುವುದಾಗಿ ಅವರು ಉತ್ತರ ಬರೆದಿದ್ದಾರೆ.